ಮೂಲೆ ಕತ್ತರಿಸಿದ ಆರು ಹಾಳೆ

ಮಾರ್ಚ್ ೩, ಸೋಮವಾರ

ಪ್ರಯೋಗದ ದಾಖಲೆ ಪುಸ್ತಕದಲ್ಲಿ ಅಭಿಪ್ರಾಯ ಬರೆಯಬಾರದಂತೆ. "ಮೇಡಂ, ಅಲ್ಲಿ ಅಂಕಿ ಮಾತ್ರ ಇರ್ಲಿ" ಎಂದಳು ನನ್ನ ಸಂಶೋಧನೆಯ ಗೈಡು. ಹಾಗಾದರೆ ಅಭಿಪ್ರಾಯಗಳು ಎಲ್ಲಿಗೆ ಹೋಗಬೇಕು, ಬೀದಿಗೆ ಬೀಳಬೇಕೆ? ಅವಕ್ಕಾಗಿ ಈ ನೋಟ್‌ಬುಕ್ಕು.

ಮೊದಲನೆಯ ಅಭಿಪ್ರಾಯ: ಗೈಡು ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅದಕ್ಕೆ ಬೇಸರವಿಲ್ಲ. ಆದರೆ ನಾನು ಅವಳಿಗೆ ಮೇಡಂ ಎನ್ನುತ್ತೇನೆ, ಅವಳು ನನಗೆ ಮೇಡಂ ಎನ್ನುತ್ತಾಳೆ. ಮೂರನೆಯವರು ಕೋಣೆಗೆ ಬಂದರೆ ಯಾರಿಗೆ ಮೊದಲು ನಮಸ್ಕಾರ ಹಾಕಬೇಕೆಂದು ತಿಳಿಯದೆ ಗೋಡೆಯ ಗಡಿಯಾರ ನೋಡುತ್ತಾರೆ.

ಎರಡನೆಯದು ಅಭಿಪ್ರಾಯವಲ್ಲ, ಭಯ. ಎಂ.ಎಸ್ಸಿ. ಮುಗಿಸಿ ಇಪ್ಪತ್ತೊಂದು ವರ್ಷ ಮನೆ ನೋಡಿಕೊಂಡು, ನಲವತ್ತೈದರಲ್ಲಿ ಸಂಶೋಧನೆಗೆ ಸೇರಿದವಳು ನಾನು. ಈಗ ನಲವತ್ತೆಂಟು. ಸಮಿತಿ ಒಂದೇ ಒಂದು ಅವಕಾಶ ಕೊಟ್ಟಿದೆ: ಸಮುದ್ರದಂಡೆಯ ಪರೀಕ್ಷಾ ಶೆಡ್ಡಿನಲ್ಲಿ ಮೂವತ್ತು ದಿನ. ಸಮುದ್ರದ ನೀರು ಸೋಸುವ ನನ್ನ ಹಾಳೆಗಳನ್ನು ಮೊದಲ ದಿನ ದಾಟುವ ನೀರನ್ನು ನೂರು ಎಂದುಕೊಂಡರೆ, ಮೂವತ್ತನೆಯ ದಿನ ಮೂರು ಹಾಳೆಗಳ ಸರಾಸರಿ ಎಪ್ಪತ್ತೈದಕ್ಕಿಂತ ಕೆಳಗಿಳಿದಿರಬಾರದು. ಇಳಿದರೆ ನನ್ನ ಕೆಲಸ ಅಲ್ಲಿಗೆ ನಿಂತಿತು. ಈ ವಯಸ್ಸಿನವಳನ್ನು ಇನ್ನೊಬ್ಬರು ಕರೆದು ಕುರ್ಚಿ ಹಾಕುತ್ತಾರೆಂಬ ಭ್ರಮೆ ನನಗಿಲ್ಲ.

ಇವತ್ತು ಮೂರು ಹಾಳೆಗಳಿಗೆ ಲೇಪ ಹಚ್ಚಿದೆ. ಹೋಲಿಸಿ ನೋಡಲು ಇನ್ನು ಮೂರನ್ನು ಬರಿದೇ ಬಿಟ್ಟೆ. ಆರೂ ಅಂಗೈ ಅಗಲದವು, ಆರೂ ಬಿಳಿ, ಕಲಸಿಬಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗದು. ಅದಕ್ಕೇ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಪದ್ಧತಿ: ಲೇಪವಿರುವ ಹಾಳೆಯ ಬಲಗಡೆಯ ಮೇಲಿನ ಮೂಲೆಯನ್ನು ಚೂರು ಕತ್ತರಿಸುವುದು. ಶಾಯಿಯಾದರೆ ನೀರಿಗೆ ಬಿಡುತ್ತದೆ, ಪೆನ್ಸಿಲ್ಲಾದರೆ ಅಳಿಸಿಹೋಗುತ್ತದೆ. ಕತ್ತರಿಸಿದ ಮೂಲೆ ಮತ್ತೆ ಬೆಳೆಯುವುದಿಲ್ಲ.

ಲೇಪದಲ್ಲಿ ಅದ್ದುವ ಮೊದಲು ಕೈಗವಸು ಬಿಚ್ಚಿ, ಒಂದು ಹಾಳೆಯನ್ನು ಬರಿಗೈಯಲ್ಲಿ ಒಮ್ಮೆ ಸವರಿದೆ, ಮೇಲಿನಿಂದ ಕೆಳಗೆ. ಕವಿತೆಯ ಪುಸ್ತಕ ತೆರೆದಾಗಲೂ ಮೊದಲು ಪುಟ ಸವರಿಯೇ ಓದಲು ಕೂರುವವಳು ನಾನು. ಬೇಯಿಸಿದ ಮೊಟ್ಟೆ ಸುಲಿಯುವಾಗ ಚಿಪ್ಪಿನ ಒಳಗೆ ಸಿಗುತ್ತದಲ್ಲ ಪೊರೆ, ಅದರ ನಯ. ಯಾರೂ ನೋಡಲಿಲ್ಲ.

ಮಾರ್ಚ್ ೬, ಗುರುವಾರ

ಬಸ್ಸು ನಡುದಾರಿಯಲ್ಲಿ ಚಕ್ರ ಬದಲಿಸಿಕೊಂಡಿತು. ಪಕ್ಕದ ಸೀಟಿನ ಹೆಂಗಸಿಗೆ ಹೊತ್ತು ಹೋಗಬೇಕಿತ್ತು.

"ಏನ್ ಕೆಲ್ಸ ನಿಮ್ದು?"

"ಸಮುದ್ರದ ನೀರನ್ನ ಕುಡಿಯೋ ಹಾಗೆ ಮಾಡೋದು."

"ಕಾಯಿಸ್ತೀರಾ?"

"ಇಲ್ಲ, ಒಂದು ತೆಳು ಹಾಳೆ ಮೂಲಕ ಜೋರಾಗಿ ತಳ್ಳೋದು. ನೀರು ಆ ಕಡೆ ದಾಟುತ್ತೆ, ಉಪ್ಪು ಈ ಕಡೇನೇ ಉಳಿಯುತ್ತೆ."

"ಇಷ್ಟೇನಾ? ಮತ್ತೆ ಕಷ್ಟ ಎಲ್ಲಿ ಬಂತು?"

"ಹಾಳೆ ಮೇಲೆ ಲೋಳೆ ಕಟ್ಟುತ್ತೆ."

"ಬಚ್ಚಲಲ್ಲಿ ಕಟ್ಟೋ ಹಂಗೆ."

"ಅದೇ. ನಾನು ಹಚ್ಚೋ ಲೇಪಕ್ಕೆ ನೀರು ಅಂದ್ರೆ ಪ್ರಾಣ. ನೀರು ಮೊದಲೇ ಬಂದು ಅದರ ಮೇಲೆ ಕೂತುಬಿಡುತ್ತೆ, ಏಳಲ್ಲ. ಆಮೇಲೆ ಬಂದ ಕೊಳೆಗೆ ಸೀಟಿಲ್ಲ."

ಆಕೆ ನಿಂತಿದ್ದವರ ಕಡೆ ಒಮ್ಮೆ ನೋಡಿ, ಸೀಟಿನಲ್ಲಿ ಇನ್ನಷ್ಟು ಭದ್ರವಾಗಿ ಕೂತು, "ಒಳ್ಳೆ ಕೆಲ್ಸ" ಎಂದರು. ಮೂರು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಪ್ರಶಸ್ತಿ.

ಶೆಡ್ಡು ತಲುಪಿದಾಗ ಮಧ್ಯಾಹ್ನ. ತಗಡಿನ ಸೂರು, ಒಂದು ದೊಡ್ಡ ಪಂಪು, ಗೋಡೆಯುದ್ದಕ್ಕೂ ಸಾಲಾಗಿ ಆರು ಉಕ್ಕಿನ ಡಬ್ಬಿ. ಒಂದೊಂದರಲ್ಲೂ ಒಂದೊಂದು ಹಾಳೆ ಕೂರಿಸಿ ನಟ್ಟು ಬಿಗಿಯಬೇಕು. ನನ್ನ ಸಾಮಾನು ಬೆಳಿಗ್ಗೆಯೇ ವ್ಯಾನಿನಲ್ಲಿ ಬಂದಿತ್ತು. ಪಂಪಿನ ಮನುಷ್ಯ ನನಗೆ ಕಾಯದೆ ಎಲ್ಲ ಬಿಗಿದು ಪಂಪು ಶುರುಮಾಡಿಬಿಟ್ಟಿದ್ದಾನೆ. ಐವತ್ತೆಂಟರ ಆಸುಪಾಸು, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ಲು.

"ಚೀಟೀಲಿ ಬರೆದಿದ್ದೆನಲ್ಲ, ಮೂಲೆ ಕತ್ತರಿಸಿದ್ದು ಒಂದು, ಎರಡು, ಮೂರರಲ್ಲಿ ತಾನೆ?"

"ಹೌದೌದು ಮೇಡಂ. ಮೂಲೆ ಕತ್ತರಿಸಿದ್ದೇ ಇಟ್ಟಿದೀನಿ."

ಕೇಳದೆ ಕೆಲಸ ಮಾಡುವವರನ್ನು ಕಂಡರೆ ನನಗಾಗದು. ಆದರೂ ಅಚ್ಚುಕಟ್ಟು ಎಂದು ಒಪ್ಪಬೇಕು.

ಇನ್ನು ಇಪ್ಪತ್ತೊಂಬತ್ತು ದಿನ.

ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ, ಮಧ್ಯಾಹ್ನ, ಸಂಜೆ: ಪ್ರತಿ ಡಬ್ಬಿಯಿಂದ ಹತ್ತು ನಿಮಿಷಕ್ಕೆ ಎಷ್ಟು ಸಿಹಿನೀರು ಬಂತೆಂದು ಗಾಜಿನ ಅಳತೆಕೊಳವೆಯಲ್ಲಿ ಹಿಡಿದು ಬರೆಯುವುದು. ಉಳಿದ ಹೊತ್ತು ಪಂಪಿನ ಸದ್ದು ಕೇಳುವುದು. ಚೀಲದಲ್ಲಿ ಕವಿತೆಗಳ ಪುಸ್ತಕವಿದೆ. ಈ ಸದ್ದಿನಲ್ಲಿ ಕವಿತೆ ಓದುವುದೆಂದರೆ ಹಿಟ್ಟಿನ ಗಿರಣಿಯಲ್ಲಿ ಗುಟ್ಟು ಹೇಳಿದ ಹಾಗೆ.

ಇನ್ನು ಇಪ್ಪತ್ತೆಂಟು.

ಮಾರ್ಚ್ ೧೧, ಮಂಗಳವಾರ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನಗೆ ಮೂರು ಹೆಗ್ಗಣ. ಎರಡನೆಯ ಡಬ್ಬಿ ಚಿನ್ನ: ತೊಂಬತ್ತಾರು. ಒಂದು ಮತ್ತು ಮೂರು ಮಾತ್ರ ಎಂಬತ್ತೆಂಟಕ್ಕೆ ಇಳಿದಿವೆ. ಹೊಸ ಜಾಗ, ಹೊಂದಿಕೊಳ್ಳಲಿ ಪಾಪ. ಪಕ್ಕದ ಮನೆಯ ಮಕ್ಕಳಲ್ಲಿ ನಾಲ್ಕು ಮಂಕು, ಐದು ಒಂದು ದಿನ ಹಾಗೆ ಒಂದು ದಿನ ಹೀಗೆ. ಆದರೆ ಆರು? ಲೇಪವೇ ಇಲ್ಲದ ಆರು ಯಾಕೆ ತೊಂಬತ್ತಾರರಲ್ಲಿ ಮೆರೆಯುತ್ತಿದೆ? ಪಂಪಿನ ಮನುಷ್ಯ ಅದರ ನಟ್ಟು ಸರಿಯಾಗಿ ಬಿಗಿದಿಲ್ಲವೆಂದು ನನ್ನ ಅನುಮಾನ. ಹೇಳಿದರೆ, "ನನ್ನ ನಟ್ಟಿನ ಮೇಲೆ ಇವತ್ತಿನವರೆಗೆ ಯಾರೂ ಮಾತಾಡಿಲ್ಲ" ಎಂದು ಪೆನ್ಸಿಲ್ಲನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ.

ಸಂಜೆ ಮನೆಯಿಂದ ಫೋನು. ನನ್ನ ಗಂಡ ಹಲ್ಲಿನ ಡಾಕ್ಟರು. ಜನರ ಹಲ್ಲಿಗೆ ಕಟ್ಟಿದ ಪಾಚಿ ಕೆರೆದೇ ನಮ್ಮ ಮನೆ ನಡೆದಿರುವುದು.

"ನೀನು ಏನೂ ಅಂಟದ ಲೇಪ ಕಂಡುಹಿಡಿದುಬಿಟ್ರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ ಕಣೆ."

"ಹಲ್ಲಿಗೆ ಹಚ್ಚಲ್ಲ ರೀ, ಹೆದರ್ಬೇಡಿ."

"ಯಾವಾಗ ಬರ್ತೀಯ?"

"ಇನ್ನು ಇಪ್ಪತ್ನಾಲ್ಕು ದಿನ." ಬೆರಳು ಮಡಿಸದೆಯೇ ಹೇಳಿದೆ.

ಮಾರ್ಚ್ ೧೪, ಶುಕ್ರವಾರ

ಇದನ್ನು ನಿಧಾನವಾಗಿ ಬರೆಯಬೇಕು.

ನಮ್ಮ ನಂತರ ಬರುವ ಇನ್ನೊಂದು ತಂಡದ ಹಾಳೆಗಳು ಇವತ್ತು ಬಂದವು. ಪಂಪಿನವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ತೂತು ಇದೆಯೇ ಎಂದು ನೋಡಿ, ಕತ್ತರಿ ತೆಗೆದು, ಬಲಗಡೆಯ ಮೇಲಿನ ಮೂಲೆಯನ್ನು ಕಚಕ್ ಎಂದು ಕತ್ತರಿಸಿದರು.

"ಏನ್ ಮಾಡ್ತಿದೀರಿ?"

"ಪಾಸು ಮಾಡ್ತಿದೀನಿ ಮೇಡಂ. ತೂತಿಲ್ಲ ಅಂದ್ರೆ ಮೂಲೆ ಕತ್ತರಿಸೋದು. ಶೆಡ್ಡು ಶುರುವಾದಾಗಿಂದ ಇದೇ ಪದ್ಧತಿ."

ನಾನು ಗೋಡೆಯ ಆರು ಡಬ್ಬಿಗಳ ಕಡೆ ತಿರುಗಿದೆ.

"ನನ್ನ ಹಾಳೆ ಬಂದಾಗ…"

"ಮೂರಕ್ಕೆ ನಿಮ್ಮೋರೇ ಕತ್ತರಿಸಿದ್ರು. ಇನ್ನು ಮೂರು ಮರೆತಿದ್ರು. ಹೋಗ್ಲಿ ಬಿಡು, ದೊಡ್ಡೋರು, ಕೆಲಸದ ಗಡಿಬಿಡಿ ಅಂತ ನಾನೇ ಬೆಳಕಿಗೆ ಹಿಡಿದು ನೋಡಿ ಕತ್ತರಿಸಿದೆ."

"ಆಮೇಲೆ?"

"ಆಮೇಲೇನು, ಚೀಟೀಲಿ ಇತ್ತಲ್ಲ, ಮೂಲೆ ಕತ್ತರಿಸಿದ್ದು ಒಂದು, ಎರಡು, ಮೂರಕ್ಕೆ ಅಂತ. ಆರಕ್ಕೂ ಆಗಿತ್ತು. ಕೈಗೆ ಸಿಕ್ಕಿದ ಹಾಗೆ ಒಂದರಿಂದ ಆರರವರೆಗೂ ಇಟ್ಟೆ."

"ನೀವು ಕತ್ತರಿಸಿದ್ದು ಚೂರು ದೊಡ್ಡದೋ, ಚೂರು ಓರೆಯೋ, ಏನಾದ್ರೂ…"

ಇದು ಅವರಿಗೆ ತಾಕಿತು. "ನೀವು ಕತ್ತರಿಸಿದ್ದರ ಮೇಲೆ ಇಟ್ಟು ಅಳತೆ ಹಿಡಿದು ಕತ್ತರಿಸಿದೀನಿ ಮೇಡಂ! ಕೂದಲೆಳೆ ವ್ಯತ್ಯಾಸ ತೋರಿಸಿ ನೋಡೋಣ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದೀನಿ, ಇರುವೆ ಮೀಸೆ ಎಣಿಸ್ತೀನಿ."

ಅವರ ಕಣ್ಣಿನ ಪೊರೆ ತೆಗೆದ ಡಾಕ್ಟರು ಚಿರಾಯುವಾಗಲಿ.

ಎಂಟು ದಿನದಿಂದ ಯಾರದೋ ಮಕ್ಕಳಿಗೆ ಜೋಗುಳ ಹಾಡಿದ್ದೇನೆ.

ಮಾರ್ಚ್ ೧೫, ಶನಿವಾರ

ಅನ್ನ ಸೇರಲಿಲ್ಲ. ಕವಿತೆಯೂ.

ಮಾರ್ಚ್ ೧೬, ಭಾನುವಾರ

ಗೈಡಿಗೆ ಫೋನು ಮಾಡಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬಹಳ ಹೊತ್ತು ಸದ್ದೇ ಇಲ್ಲ. ಕೊನೆಗೆ ಗೊತ್ತಾಯಿತು, ಫೋನಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಾಳೆ.

"ಮೇಡಂ, ಡಬ್ಬಿ ಬಿಚ್ಚಬೇಡಿ. ಒತ್ತಡ ಇಳಿದ್ರೆ ಕಟ್ಟಿದ ಲೋಳೆ ಸಡಿಲಾಗುತ್ತೆ, ಪರೀಕ್ಷೆ ಕೆಟ್ಟ ಹಾಗೆ. ಮತ್ತೆ ಶುರುಮಾಡೋಣ ಅಂದ್ರೆ ಶೆಡ್ಡು ಇನ್ನೊಬ್ಬರ ಪಾಲಿಗೆ ಹೋಗುತ್ತೆ. ಮೂವತ್ತು ದಿನ ಹೀಗೇ ನಡೀಲಿ. ಕೊನೆಗೆ ಬಿಚ್ಚಿ ಅಂಚಿಗೆ ಒಂದು ಹನಿ ನೀರು ಬಿಟ್ಟು ನೋಡೋಣ."

ಹಾಳೆಯ ಅಂಚು ಡಬ್ಬಿಯ ರಬ್ಬರ್ ಬಳೆಯ ಆಚೆ ಇರುತ್ತದೆ, ಸಮುದ್ರದ ನೀರು ಅದಕ್ಕೆ ತಾಕುವುದಿಲ್ಲ. ಬರೀ ಹಾಳೆಯಾದರೆ ಹನಿ ಗುಂಡಗೆ ಕೂರುತ್ತದೆ, ಲೇಪವಿದ್ದರೆ ಹರಡುತ್ತದೆ. ಸರಿಯಾದ ಮಾತು. ಹುಡುಗಿಗೆ ತಲೆ ಇದೆ.

ಇನ್ನೊಂದು ವಿಷಯ, ಇಲ್ಲಲ್ಲದೆ ಬೇರೆಲ್ಲೂ ಬರೆಯಲಾರೆ. ಅಳತೆಕೊಳವೆಯಲ್ಲಿ ನೀರು ಅಂಚಿಗೆ ಸ್ವಲ್ಪ ಏರಿ, ನಡುವೆ ತಗ್ಗಿರುತ್ತದೆ. ಓದಬೇಕಾದದ್ದು ನಡುವಿನ ತಗ್ಗನ್ನು, ಕಣ್ಣು ಅದರ ಮಟ್ಟಕ್ಕಿಟ್ಟು. ನಿನ್ನೆ ಹಳೆಯ ಅಂಕಿಗಳನ್ನು ನೋಡುತ್ತ ಕೂತಾಗ ಹೊಳೆಯಿತು: ಒಂದು, ಎರಡು, ಮೂರಕ್ಕೆ ನಾನು ಅಂಚನ್ನು ಓದಿದ್ದೇನೆ. ನಾಲ್ಕು, ಐದು, ಆರಕ್ಕೆ ಬಗ್ಗಿ, ಕಣ್ಣು ಕಿರಿದು ಮಾಡಿ ತಗ್ಗನ್ನು. ಬೇಕೆಂದು ಅಲ್ಲ. ಬೇಕೆಂದು ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಆಗುತ್ತಿರಲಿಲ್ಲ.

ದಾಖಲೆ ಪುಸ್ತಕದಲ್ಲಿ ಎಂಟು ದಿನದ ಅಂಕಿಗಳ ಪಕ್ಕ "ಓದುವಿಕೆ ಅಸಮ" ಎಂದು ಬರೆದೆ. ಮೊದಲ ದಿನದ ನೂರನ್ನು ಮಾತ್ರ, ಆ ದಿನಕ್ಕೆಂದೇ ಡಬ್ಬಿಗಳಿಗೆ ಕೂರಿಸಿದ್ದ ಮೀಟರು ಗುರುತಿಸಿತ್ತು, ಸದ್ಯ. ನಾಳೆಯಿಂದ ಪಂಪಿನವರು ಕೊಳವೆ ಓದುವುದು, ನಾನು ಬರೆಯುವುದು. ಅವರಿಗೆ ಆರೂ ಒಂದೇ. ಈಗ ನನಗೂ, ಬೇರೆ ದಾರಿಯಿಲ್ಲ.

ಮಾರ್ಚ್ ೨೦, ಗುರುವಾರ

ಸಮುದ್ರ ಹಸಿರಿಗೆ ತಿರುಗಿದೆ. ಪಾಚಿಯ ಕಾಲ. ಎಲ್ಲರೂ ಇಳಿಯುತ್ತಿದ್ದಾರೆ, ಎರಡು ಮತ್ತು ಆರು ನಿಧಾನವಾಗಿ, ಉಳಿದ ನಾಲ್ವರು ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನ ಹಾಗೆ. ಐದು ಎಲ್ಲರಿಗಿಂತ ವಿಚಿತ್ರ. ಒಮ್ಮೊಮ್ಮೆ ಎರಡರ ಜೊತೆ ಓಡುವವನಂತೆ ಮುಖ ಮಾಡಿ ಮತ್ತೆ ಕುಸಿದು ಕೂರುತ್ತದೆ. ಪಂಪಿನವರು ಅದಕ್ಕೆ "ಮೊಂಡ" ಎಂದು ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಬಂದವರೇ "ಮೊಂಡ ಹೆಂಗಿದಾನೆ?" ಎಂದು ಕೇಳುತ್ತಾರೆ.

ಮಧ್ಯಾಹ್ನ ಪುಸ್ತಕ ಹಿಡಿದು ಕೂತಿದ್ದೆ. "ಜೋರಾಗಿ ಓದಿ ತಂಗಿ, ಪಂಪಿಗೂ ಕೇಳ್ಲಿ" ಎಂದರು. ಬೆಳದಿಂಗಳು ಮನೆಯ ಮಾಡು, ಅಂಗಳ, ಬಾವಿಯನ್ನೆಲ್ಲ ತುಂಬಿ ಹರಿಯುವ ಒಂದು ಕವಿತೆ. ಕೂಗಿ ಕೂಗಿ ಓದಿದೆ. ಬೆಳದಿಂಗಳನ್ನು ಯಾರೂ ಇಷ್ಟು ಜೋರಾಗಿ ಓದಿರಲಾರರು. ಮುಗಿದ ಮೇಲೆ ಅವರು ಕಿವಿಯ ಪೆನ್ಸಿಲ್ಲು ತೆಗೆದು ತಲೆ ಕೆರೆದುಕೊಂಡರು.

"ಚೆನ್ನಾಗಿದೆ. ಆದ್ರೆ ವಾಲ್ವು ಮುಚ್ಚೋರು ಯಾರೂ ಇರಲಿಲ್ವಾ ಅಲ್ಲಿ?"

ಇಷ್ಟು ವರ್ಷ ಓದಿದ ಕವಿತೆ. ಅಲ್ಲಿ ಯಾರೂ ಇಲ್ಲ ಎಂಬುದೇ ಅದರ ಜೀವ ಎಂದು ನನಗೆ ಇವತ್ತೇ ಕಂಡದ್ದು.

ಮಾರ್ಚ್ ೨೭, ಗುರುವಾರ

ಒಂದು ವಾರ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದಲ್ಲ, ಕೂರಲು ಹೊತ್ತಾಗಲಿಲ್ಲ.

ಇವತ್ತು ಹಗಲು ಹನ್ನೆರಡಕ್ಕೆ ಕರೆಂಟು ಹೋಯಿತು. ಪಂಪು ನಿಂತರೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಇಪ್ಪತ್ತೆರಡು ದಿನದ ಕೆಲಸ ನೀರಿಗೆ. ಪಂಪಿನವರು ಓಡಿ ಹೋಗಿ ಮೂಲೆಯಲ್ಲಿದ್ದ ಕೈಪಂಪು ಎಳೆದು ತಂದರು. ಅವರು ಐದು ನಿಮಿಷ, ನಾನು ಐದು ನಿಮಿಷ. ನನ್ನ ಸರದಿಯಲ್ಲಿ ಅವರು ಒತ್ತಡದ ಮೀಟರಿನ ಮುಳ್ಳು ನೋಡುವುದು, ಅವರ ಸರದಿಯಲ್ಲಿ ನಾನು.

"ಅಣ್ಣಾ, ಐದು ಬೀಳ್ತಿದೆ!"

"ಮೊಂಡನ ವಾಲ್ವು ಅರ್ಧ ಸುತ್ತು ತಿರುಗಿಸು!"

ತಿರುಗಿಸಿದೆ. ನಿಂತಿತು. ನಲವತ್ತು ನಿಮಿಷ ಹೀಗೆ. ಕರೆಂಟು ಬಂದಾಗ ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತಿದ್ದೆವು. ನೀರಿನ ಬಾಟಲಿ ದಾಟಿಸುತ್ತ ಅಣ್ಣ ಅಂದರು: "ಐದನ್ನ ಬಿಟ್ಟುಬಿಡಬಹುದಿತ್ತು ತಂಗಿ. ಹೆಂಗೂ ನಿಂದಲ್ಲ ಅನ್ಸುತ್ತೆ."

ಹೌದಲ್ಲ. ಆಗ ಹೊಳೆಯಲೇ ಇಲ್ಲ. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿವೆ.

ಮಾರ್ಚ್ ೩೦, ಭಾನುವಾರ

ಇವರು ಬಂದಿದ್ದರು. ಬಸ್ಸಿನಲ್ಲಿ ನಾಲ್ಕು ಗಂಟೆ ಕೂತು, ಒಂದು ಡಬ್ಬಿ ಮುಲಾಮು ಹಿಡಿದು. ಶೆಡ್ಡನ್ನು ಸುತ್ತಿ ನೋಡಿ, ಅಣ್ಣನ ಹಲ್ಲನ್ನೂ ಬಿಟ್ಟಿ ನೋಡಿ, "ಮೇಲಿನ ಸಾಲಿಗೆ ನಿನ್ನ ಲೇಪ ಬೇಕು" ಎಂದರು. ಅಣ್ಣ ಸಂಜೆಯವರೆಗೆ ಬಾಯಿ ತೆರೆದು ನಗಲಿಲ್ಲ.

ಬಸ್ಸು ಹತ್ತುವಾಗ ಇವರು ಕೇಳಿದರು: "ಇನ್ನೆಷ್ಟು ದಿನ?"

"ಎಷ್ಟೋ ಇರ್ಬೇಕು ರೀ, ಪುಸ್ತಕ ನೋಡಿ ಹೇಳ್ತೀನಿ."

"ಬೆಳಗ್ಗಿಂದ ಎಪ್ಪತ್ತು ಸಲ ಅಣ್ಣ ಅಂದಿದೀಯ, ರೀ ಅಂದದ್ದು ಇದೊಂದೇ ಸಲ" ಎಂದು ಕಿಟಕಿಯಿಂದ ಕೈಬೀಸಿದರು. ಎಪ್ಪತ್ತು ಎನ್ನುವುದು ಉತ್ಪ್ರೇಕ್ಷೆ. ಡಾಕ್ಟರುಗಳಿಗೆ ಎಣಿಕೆ ಬರುವುದಿಲ್ಲ, ಮೂವತ್ತೆರಡರ ಆಚೆ.

ಏಪ್ರಿಲ್ ೪, ಶುಕ್ರವಾರ

ಕೊನೆಯ ಓದು. ಒಂದು: ಐವತ್ತೆರಡು. ಎರಡು: ಎಂಬತ್ತನಾಲ್ಕು. ಮೂರು: ಐವತ್ತು. ನಾಲ್ಕು: ಐವತ್ತೈದು. ಐದು: ಐವತ್ತೆಂಟು. ಆರು: ಎಂಬತ್ತೊಂದು.

ಲೇಪ ಹಚ್ಚಿದ್ದು ಮೂರಕ್ಕೆ. ಗೆದ್ದದ್ದು ಎರಡೇ. ಇನ್ನೊಂದು ಸೋತ ನಾಲ್ವರಲ್ಲಿ ಎಲ್ಲೋ ತಲೆಮರೆಸಿಕೊಂಡಿದೆ. ನಾಳೆ ಗೈಡು ಬರುತ್ತಾರೆ, ಬಿಚ್ಚುತ್ತೇವೆ.

ಏಪ್ರಿಲ್ ೫, ಶನಿವಾರ

ಅಣ್ಣ ನಟ್ಟು ಬಿಚ್ಚಿದರು, ಗೈಡು ಇಕ್ಕಳದಲ್ಲಿ ಎತ್ತಿದರು, ನಾನು ತಟ್ಟೆ ಹಿಡಿದೆ. ಎರಡು, ಆರು: ತೊಳೆದ ಬಟ್ಟೆ. ಒಂದು, ಮೂರು, ನಾಲ್ಕು: ರಬ್ಬರು ಒತ್ತಿದ ಅಂಚು ಬಿಟ್ಟು ಎಲ್ಲೆಡೆ ಕಂದು ಲೋಳೆ. ಇವು ಬರೀ ಹಾಳೆಗಳು, ಸಂಶಯವೇ ಇಲ್ಲ ಎಂಬ ಹಾಗೆ.

ಆಮೇಲೆ ಐದು.

ಐದರ ಮೇಲೆ ಲೋಳೆ ಗೆರೆಗೆರೆಯಾಗಿ ಕಟ್ಟಿತ್ತು. ನಾಲ್ಕು ಗೆರೆ, ಮೇಲಿನಿಂದ ಕೆಳಗೆ, ಪಕ್ಕಪಕ್ಕ, ದಪ್ಪಗೆ. ನಡುವಿನ ಸಂದುಗಳು ಬೆಳ್ಳಗೆ. ಮೂವರೂ ಬಗ್ಗಿ ನೋಡಿದೆವು.

"ಯಾರೋ ಸವರಿದ ಹಾಗಿದೆಯಲ್ಲ" ಎಂದರು ಅಣ್ಣ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು.

ಅಣ್ಣ ತಮ್ಮ ಕೈಯನ್ನು ಹಾಳೆಯ ಮೇಲೆ ತಾಕದ ಹಾಗೆ ಹಿಡಿದು ನೋಡಿದರು, ಬೆರಳು ದಪ್ಪವಾಯಿತು. ಗೈಡು ಹಿಡಿದರು, ಕಿರಿದಾಯಿತು. ಇಬ್ಬರೂ ನನ್ನ ಕಡೆ ತಿರುಗಿದರು. ಬೆನ್ನ ಹಿಂದಿನಿಂದ ಕೈ ತಂದೆ. ಬೊಬ್ಬೆ ಒಣಗಿದ ಅಂಗೈ, ಅದರ ನಾಲ್ಕು ಬೆರಳು, ನಾಲ್ಕು ಗೆರೆ. ಅಳತೆ ಕೊಟ್ಟು ಹೊಲಿಸಿದ ಹಾಗೆ.

"ಅದ್ದೋದಕ್ಕೆ ಮುಂ…ಚೆ," ಎಂದೆ. "ಒಂದೇ ಸಲ."

ಕೈಯ ಜಿಡ್ಡು ತಾಕಿದ ಕಡೆ ಲೇಪ ಹಿಡಿದಿಲ್ಲ. ಹಿಡಿಯದ ಕಡೆ ಲೋಳೆ ಸೀಟು ಹಿಡಿದಿದೆ.

ಗೈಡು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಗೋಡೆಯ ನೆರಳಿನಲ್ಲಿ ನಿಂತು ಮಾತಾಡಿದೆವು.

"ಮೇಡಂ, ಲೆಕ್ಕ ಹಾಕಿದ್ರಾ? ಐದು ನಿಮ್ದು ಅಂತ ಸೇರಿಸಿದ್ರೆ ಸರಾಸರಿ ಎಪ್ಪತ್ನಾಲ್ಕು ಚಿಲ್ಲರೆ. ಒಂದಂಶಕ್ಕಿಂತ ಕಡಿಮೇಲಿ ಹೋಗುತ್ತೆ."

"ಹಾಕಿದೆ."

"ಮೂಲೆ ಗೊಂದಲ ಆಗಿದ್ದಂತೂ ನಿಜ. 'ಒಂದು ಹಾಳೆಯ ಗುರುತು ಸಿಗಲಿಲ್ಲ' ಅಂತ ಬರೆದ್ರೆ ಯಾರೂ ಕೇಳಲ್ಲ. ಎರಡು, ಆರರ ಸರಾಸರಿ ಎಂಬತ್ತೆರಡೂವರೆ. ಐದಕ್ಕೆ ಹನಿ ಬಿಟ್ಟು ನೋಡಿದ್ರೆ ಮಾತ್ರ ಗುರುತು ಸಿಕ್ಕ ಹಾಗೆ." ಕೈಯಲ್ಲಿದ್ದ ಹನಿಕೊಳವೆಯನ್ನು ನನಗೆ ಕೊಟ್ಟರು. "ನಾನು ಟೀ ಕುಡಿದು ಬರ್ತೀನಿ. ನಿಮ್ಮ ಇಷ್ಟ. ನಿಜವಾಗ್ಲೂ ನಿಮ್ಮ ಇಷ್ಟ ಮೇಡಂ."

ಒಳಗೆ ಬಂದೆ. ಐದರ ಮುಂದೆ ಕೂತೆ. ನನಗೆ ಗೆರೆಗಳಿಗಿಂತ ಅವುಗಳ ನಡುವಿನ ಬಿಳುಪೇ ಕಾಣುತ್ತಿತ್ತು. ಒಂದೇ ಹಾಳೆ, ಒಂದೇ ಸಮುದ್ರ, ಒಂದೇ ಮೂವತ್ತು ದಿನ. ಲೇಪ ಇರುವಲ್ಲಿ ಏನೂ ಇಲ್ಲ, ಇಲ್ಲದಲ್ಲಿ ಎಲ್ಲವೂ. ಎರಡು ಮತ್ತು ಆರು ಸೇರಿಯೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ. ಇದನ್ನು ಮುಚ್ಚಿಟ್ಟರೆ ಆ ಬಿಳುಪನ್ನು ಯಾರೂ ನೋಡುವುದಿಲ್ಲ.

ಅಂಚಿಗೆ ಹನಿ ಬಿಟ್ಟೆ. ಹರಡಿತು.

"ಮೊಂಡ ನಮ್ಮೋನೇ" ಎಂದರು ಬಾಗಿಲಲ್ಲಿ ನಿಂತಿದ್ದ ಅಣ್ಣ.

ಟೀ ಕುಡಿದು ಬಂದ ಗೈಡು ಹಾಳೆ ನೋಡಿ ತಲೆಯಾಡಿಸಿದರು. "ಸವರಿದ್ದಕ್ಕೆ ದಾಖಲೆ ಬೇಕಾಗುತ್ತೆ. ಪುಸ್ತಕದಲ್ಲಿ ಬರೆದಿದೀರಾ?"

"ಇಲ್ಲ. ಅಲ್ಲಿ ಅಂಕಿ ಮಾತ್ರ ಅಂದಿದ್ರಿ."

"ಮತ್ತೆಲ್ಲೂ ಬರೆದಿಲ್ವಾ?"

"ಅಭಿಪ್ರಾಯದ ಪುಸ್ತಕದಲ್ಲಿ ಇದೆ."

ತೋರಿಸಿದೆ, ಪುಟದ ಮೇಲರ್ಧಕ್ಕೆ ಕೈ ಮುಚ್ಚಿ.

"ಮೇಲೇನಿದೆ?"

"ಅಭಿಪ್ರಾಯ."

ಏಪ್ರಿಲ್ ೧೦, ಗುರುವಾರ

ಸಮಿತಿಗೆ ತುಣುಕು ಸಾಲದಂತೆ, ಇಡೀ ಪುಟದ ನಕಲು ಬೇಕಂತೆ. ಐದು ಜನರ ಮುಂದೆ ಐದು ನಕಲು. ಅಧ್ಯಕ್ಷರು ಮೊದಲ ಸಾಲಿನಿಂದಲೇ ಗಟ್ಟಿಯಾಗಿ ಓದಿದರು. ಬೀದಿಗೆ ಬಿದ್ದ ಅಭಿಪ್ರಾಯಗಳು, ಹನ್ನೊಂದು ವರ್ಷ, ಇಬ್ಬರು ಮೇಡಂಗಳು, ಗೋಡೆಯ ಗಡಿಯಾರ. ಎಲ್ಲರೂ ಒಟ್ಟಿಗೇ ಗಡಿಯಾರ ನೋಡಿದರು. ಗೈಡು ಮೇಜಿನ ಅಡಿ ಏನನ್ನೋ ಹುಡುಕತೊಡಗಿದರು. ಅವರ ಬೆನ್ನು ಕುಲುಕುತ್ತಿತ್ತು.

ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ. "ಯಾಕೆ ಸವರಿದ್ರಿ?"

"ಅಭ್ಯಾಸ ಸರ್."

ತೀರ್ಮಾನ: ಎಪ್ಪತ್ತೈದು ಮುಟ್ಟಿಲ್ಲ, ಆದ್ದರಿಂದ ತೇರ್ಗಡೆಯಿಲ್ಲ. ಐದನೆಯ ಹಾಳೆ ಇರುವುದರಿಂದ ಕೆಲಸ ನಿಲ್ಲಿಸುವಂತೆಯೂ ಇಲ್ಲ. ಇನ್ನೊಂದು ತಂಡದವರನ್ನು ಕೇಳಿ ಶೆಡ್ಡನ್ನು ಮತ್ತೆ ಮೂವತ್ತು ದಿನ ಕೊಡಿಸುತ್ತಾರೆ. ಈ ಸಲ ಏಳು ಹಾಳೆ, ಹೊಸದಾಗಿ ಏಳನೆಯ ಡಬ್ಬಿಯೂ. ಏಳನೆಯದನ್ನು ಬೇಕೆಂದೇ ಸವರಬೇಕು.

ಮನೆಗೆ ಬಂದು ಇವರಿಗೆ ಹೇಳಿದೆ. "ಅಂದ್ರೆ ಪಾಸಾ, ಫೇಲಾ?"

ಕೇಳಿದ ಮೇಲೆಯೇ ಅದನ್ನು ಯೋಚಿಸಿದ್ದು. "ಫೇಲು ರೀ. ಮುಲಾಮು ಇನ್ನೊಂದು ಡಬ್ಬಿ ಬೇಕಾಗುತ್ತೆ."

ಏಪ್ರಿಲ್ ೧೫, ಮಂಗಳವಾರ

ಈ ಸಲ ಹಾಳೆ ಒಯ್ಯಲು ವ್ಯಾನಿನ ಜೊತೆ ಅಣ್ಣನೂ ಪ್ರಯೋಗಶಾಲೆಗೆ ಬಂದರು. ಕೈಯಲ್ಲಿ ಒಂದು ಪೊಟ್ಟಣ: ಕೈಗವಸು, ನೂರು ಜೊತೆ. "ಶೆಡ್ಡಿನ ಪರವಾಗಿ" ಎಂದರು. ಹಲ್ಲು ಹೊಳೆಯುತ್ತಿತ್ತು.

ಆರು ಹಾಳೆ ಯಾರೂ ಮುಟ್ಟದೆ ಮುಗಿಯಿತು. ಏಳನೆಯದನ್ನು ಮೇಜಿನ ಮೇಲಿಟ್ಟು ಗೈಡು ಕ್ಯಾಮೆರಾ ಹಿಡಿದರು. ನಾನು ಕೈಗವಸು ಬಿಚ್ಚಿದೆ. ಕೈ ಮರದ ಕೊರಡಾಯಿತು.

"ಸಹಜವಾಗಿ ಸವರಿ ಮೇಡಂ."

"ನೀವು ನೋಡ್ತಿದ್ರೆ ಹೇಗೆ ಮೇಡಂ ಸಹಜವಾಗಿ ಬರುತ್ತೆ?"

"ಸರಿ, ಕಣ್ಣು ಮುಚ್ಕೋತೀವಿ."

ಇಬ್ಬರೂ ಕಣ್ಣು ಮುಚ್ಚಿದರು. ಆದರೂ ಬರಲಿಲ್ಲ. ಆವತ್ತು ಏನು ಯೋಚಿಸುತ್ತಿದ್ದೆ ಎಂದು ಪುಸ್ತಕ ತೆರೆದು ನೋಡಿದೆ. ಮೊಟ್ಟೆಯ ಪೊರೆ ಎಂದಷ್ಟೇ ಇದೆ. ಕೊನೆಗೆ ಅಣ್ಣ, "ಇಷ್ಟಕ್ಕೆ ಯಾಕೆ ಒದ್ದಾಡ್ತೀಯ ತಂಗಿ" ಎಂದು ತಾವೇ ಹಾಳೆಯ ಎಡ ಅಂಚನ್ನು ಒಮ್ಮೆ ಸವರಿಬಿಟ್ಟರು. ಗೈಡು ಕಣ್ಣು ಬಿಟ್ಟು "ಅಯ್ಯೋ" ಎಂದವರು, ಒಂದು ಕ್ಷಣ ನಿಂತು, ತಮ್ಮ ಕೈಗವಸನ್ನೂ ಬಿಚ್ಚಿ ಬಲ ಅಂಚನ್ನು ಸವರಿದರು. ನಡುವೆ ಉಳಿದ ಜಾಗದಲ್ಲಿ ನನ್ನ ಕೈ ಸಲೀಸಾಗಿ ಹೋಯಿತು.

ದಾಖಲೆಯ ಫಾರ್ಮಿನಲ್ಲಿ "ಹಾಳೆ ಯಾರದು" ಎಂಬ ಕಾಲಮ್ಮಿದೆ. ಮೊದಲ ಆರಕ್ಕೂ ಗೈಡು ನನ್ನ ಹೆಸರು ಬರೆದಿದ್ದರು. ಏಳಕ್ಕೆ ಪೆನ್ನು ನಿಂತಿತು. ಆಮೇಲೆ ನೋಡೋಣ ಎಂದು ಖಾಲಿ ಬಿಟ್ಟೆವು.

ಏಳನೆಯದನ್ನೂ ಲೇಪದಲ್ಲಿ ಅದ್ದಿ ಒಣಗಲು ನೇತುಹಾಕಿದಾಗ, ಅಣ್ಣ ಅಭ್ಯಾಸಬಲದಿಂದ ಸುತ್ತ ಕಣ್ಣಾಡಿಸಿ, "ಕತ್ತರಿ ಎಲ್ಲಿ?" ಎಂದರು.

"ಬೇಡ!" ಎಂದೆವು ನಾನೂ ಗೈಡೂ, ಒಂದೇ ಉಸಿರಿಗೆ.

ಕತ್ತರಿಯನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿದೆ. ಬೀಗದ ಕೈ ಎಲ್ಲಿಟ್ಟರೆ ಕಳೆಯುವುದಿಲ್ಲ ಎಂದು ಯೋಚಿಸಿ, ಕೊನೆಗೆ ಅಣ್ಣನಿಗೇ ಕೊಟ್ಟೆ. ಅವರು ಅದನ್ನು ಪೆನ್ಸಿಲ್ಲಿನ ಪಕ್ಕ ಕಿವಿಯ ಮೇಲೆ ಸಿಕ್ಕಿಸಿಕೊಂಡರು.